ಕೈ ಬಳಸದ ಇಮೇಲ್ ನಿರ್ವಹಣೆ: ಬೆಳಗಾವಿ ನಗರ ಮತ್ತು ಖಾನಾಪುರ

ಕೀಲಿಮಣೆ, ಮೌಸ್, ಪರದೆ ಯಾವುದನ್ನೂ ಮುಟ್ಟದೆ ಬಾಯಿಮಾತಿನಿಂದಲೇ ಇಮೇಲ್ ತೆರೆದು, ಓದಿಸಿ ಕೇಳಿ, ಉತ್ತರ ಬರೆಸಿ ಕಳುಹಿಸುವ ಕ್ರಮ. ಬೆರಳು, ಮುಂಗೈ, ತೋಳುಗಳ ಮೇಲೆ ಹಿಡಿತ ತಪ್ಪಿದವರು ಪತ್ರವ್ಯವಹಾರದಲ್ಲಿ ಇನ್ನೊಬ್ಬರ ಹಂಗಿಲ್ಲದೆ ಇರಬೇಕಾದರೆ ಇದೇ ಮುಖ್ಯ ದಾರಿ. ಇದರಲ್ಲಿ ಮೂರು ಬಗೆಯ ಕೆಲಸಗಳು ಸೇರಿವೆ: ಯಂತ್ರಕ್ಕೆ ಅಪ್ಪಣೆ ಕೊಡುವುದು, ಒಕ್ಕಣೆ ಬರೆಸುವುದು, ಬಂದದ್ದನ್ನು ಓದಿಸುವುದು. ಕನ್ನಡವನ್ನು ಓದಿಸುವ ಸೌಲಭ್ಯ ಮೊದಲು ಬಂತು. ಬರೆಸುವುದು 2017ರಿಂದೀಚೆಗೆ ಸಾಮಾನ್ಯ ಫೋನುಗಳಲ್ಲಿ ಸಾಧ್ಯವಾಯಿತು. ಅಪ್ಪಣೆಯನ್ನು ಮಾತ್ರ ಬಹುಮಟ್ಟಿಗೆ ಇಂಗ್ಲಿಷಿನಲ್ಲೇ ಕೊಡಬೇಕಾಗಿದೆ. ಬೆಳಗಾವಿ ಮತ್ತು ಖಾನಾಪುರದಲ್ಲಿ ಉತ್ತರ ಕರ್ನಾಟಕದ ಆಡುಮಾತಿನ ಜೊತೆಗೆ ಮರಾಠಿ, ಕೊಂಕಣಿ, ಉರ್ದುಗಳ ನೆರೆಯೂ ಇರುವುದರಿಂದ ಕನ್ನಡ ಧ್ವನಿ ತಂತ್ರಜ್ಞಾನದ ಬಲ ಮತ್ತು ಕೊರತೆ ಎರಡೂ ಎದ್ದು ಕಾಣುತ್ತವೆ.

ಬಳಕೆದಾರರು

ಬೆನ್ನುಹುರಿಗೆ ಪೆಟ್ಟಾದವರು, ಮಿದುಳಿನ ಪಾರ್ಶ್ವವಾಯು ಇರುವವರು, ಅಪಘಾತದಲ್ಲಿ ಕೈ ಕಳೆದುಕೊಂಡವರು, ಪಾರ್ಕಿನ್ಸನ್ ಕಾಯಿಲೆಯಿಂದ ಕೈ ನಡುಗುವವರು, ವರ್ಷಗಟ್ಟಲೆ ಟೈಪ್ ಮಾಡಿ ಮಣಿಕಟ್ಟಿನ ನೋವು ಹತ್ತಿಸಿಕೊಂಡವರು ಮುಖ್ಯ ಬಳಕೆದಾರರು. ಇವರನ್ನು ದೃಷ್ಟಿದೋಷವುಳ್ಳವರ ಜೊತೆ ಒಂದೇ ಗುಂಪಿಗೆ ಸೇರಿಸುವ ರೂಢಿಯಿದೆ. ಅದು ಸರಿಯಲ್ಲ. ಕಣ್ಣು ಕಾಣದವರಿಗೆ ಪರದೆಯನ್ನು ಓದಿ ಹೇಳುವ ಎನ್‌ವಿಡಿಎ, ಟಾಕ್‌ಬ್ಯಾಕ್‌ನಂಥ ತಂತ್ರಾಂಶಗಳಿವೆ. ಅವು ಕೀಲಿ ಒತ್ತುವ ಅಥವಾ ಪರದೆಯನ್ನು ಸವರುವ ಬೆರಳನ್ನು ನಂಬಿಕೊಂಡಿವೆ. ರಾಜ್ಯ ಸರ್ಕಾರ ಅಂಧ ವಿದ್ಯಾರ್ಥಿಗಳಿಗೆ ಕೊಡುವ ಮಾತನಾಡುವ ಲ್ಯಾಪ್‌ಟಾಪ್ ಕೂಡ ಈ ಬಗೆಯದೇ. ಕೈ ಆಡದವರ ಅಗತ್ಯ ಇದಕ್ಕೆ ತಿರುಗುಮುರುಗು: ಪರದೆ ಕಾಣುತ್ತದೆ, ಮುಟ್ಟಲಾಗದು.

ಹಿನ್ನೆಲೆ

ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ 1952ರಲ್ಲಿ ತಯಾರಾದ 'ಆಡ್ರಿ' ಅಂಕಿಗಳನ್ನಷ್ಟೇ ಗುರುತಿಸುತ್ತಿತ್ತು. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಆಂಧ್ರ ಮೂಲದ ರಾಜ್ ರೆಡ್ಡಿಯವರ ಬಳಗ 1976ರ ಹೊತ್ತಿಗೆ 1,011 ಪದಗಳನ್ನು ಬಲ್ಲ 'ಹಾರ್ಪಿ'ಯನ್ನು ಸಿದ್ಧಪಡಿಸಿತು. ರೆಡ್ಡಿಯವರ ಶಿಷ್ಯ ಜೇಮ್ಸ್ ಬೇಕರ್ ಮತ್ತು ಪತ್ನಿ ಜಾನೆಟ್ ಬೇಕರ್ ಕಟ್ಟಿದ ಡ್ರ್ಯಾಗನ್ ಸಿಸ್ಟಮ್ಸ್ 1990ರಲ್ಲಿ, ಒಂದೊಂದು ಪದಕ್ಕೂ ನಿಲ್ಲಿಸಿ ನಿಲ್ಲಿಸಿ ಹೇಳಬೇಕಾದ ತಂತ್ರಾಂಶವನ್ನು ಮಾರುಕಟ್ಟೆಗೆ ತಂದಿತು. 1997ರ 'ನ್ಯಾಚುರಲಿ ಸ್ಪೀಕಿಂಗ್' ತಡೆಯಿಲ್ಲದ ಮಾತನ್ನೂ ಬರೆದುಕೊಂಡಿತು. ಭಾರತೀಯ ಉಚ್ಚಾರದ ಇಂಗ್ಲಿಷಿಗೂ ಅದರಲ್ಲಿ ಆಮೇಲೆ ಜಾಗ ಸಿಕ್ಕಿತು, ಕನ್ನಡಕ್ಕೆ ಸಿಗಲಿಲ್ಲ. ಕನ್ನಡದವರು ಹೀಗಾಗಿ ಇಪ್ಪತ್ತು ವರ್ಷ ಹಿಂದೆ ಬಿದ್ದರು: ಗೂಗಲ್ ತನ್ನ ಧ್ವನಿ ಟೈಪಿಂಗಿಗೆ ಕನ್ನಡ, ಮರಾಠಿ, ಉರ್ದು ಸೇರಿದಂತೆ ಎಂಟು ಭಾರತೀಯ ಭಾಷೆಗಳನ್ನು ಸೇರಿಸಿದ್ದು 2017ರ ಆಗಸ್ಟ್‌ನಲ್ಲಿ. ಬೆಳಗಾವಿಯ ಮಟ್ಟಿಗೆ ಆ ಪಟ್ಟಿಯ ಮಹತ್ವ ದೊಡ್ಡದು. ಊರಿನ ಮೂರು ಮನೆಮಾತುಗಳು ಒಂದೇ ದಿನ ಮೈಕಿನೊಳಕ್ಕೆ ಬಂದವು.

ಕನ್ನಡದ ಮಾತು ಯಂತ್ರಕ್ಕೆ ತಿಳಿಯುವ ಬಗೆ

ಯಂತ್ರ ಮಾತನ್ನು ಸುಮಾರು 25 ಮಿಲಿಸೆಕೆಂಡಿನ ತುಣುಕುಗಳಾಗಿ ಸೀಳುತ್ತದೆ. ಒಂದು ತುಣುಕು ಶುರುವಾದ 10 ಮಿಲಿಸೆಕೆಂಡಿಗೆ ಮುಂದಿನದು ಶುರುವಾಗುವುದರಿಂದ ಅವು ಒಂದರ ಮೇಲೊಂದು ಸರಿದಿರುತ್ತವೆ. ಪ್ರತಿ ತುಣುಕಿನಲ್ಲಿ ಯಾವ ಧ್ವನಿ ಇದ್ದೀತು ಎಂದು ಒಂದು ಮಾದರಿ ಅಂದಾಜು ಮಾಡುತ್ತದೆ, ಆ ಧ್ವನಿಗಳ ಸಾಲು ಯಾವ ಪದವಾದೀತು ಎಂದು ಇನ್ನೊಂದು ತೂಗುತ್ತದೆ. ಈಚಿನ ನರಜಾಲ ಮಾದರಿಗಳು ಎರಡನ್ನೂ ಒಂದಾಗಿ ಕಲಿತರೂ ತೊಡಕುಗಳು ಹಳೆಯವೇ.

ಮೊದಲ ತೊಡಕು ಕಾಲಮಾನದ್ದು. ಕನ್ನಡದಲ್ಲಿ ಸ್ವರದ ಹ್ರಸ್ವ-ದೀರ್ಘ, ವ್ಯಂಜನದ ಒತ್ತು ಅರ್ಥವನ್ನೇ ಬದಲಿಸುತ್ತವೆ. 'ಬಳಿ' ಮತ್ತು 'ಬಳ್ಳಿ', 'ಹಳಿ' ಮತ್ತು 'ಹಳ್ಳಿ' ನಡುವಿನ ವ್ಯತ್ಯಾಸ ಸೆಕೆಂಡಿನ ಹತ್ತನೇ ಒಂದು ಭಾಗದ ಆಸುಪಾಸಿನಲ್ಲಿ ನಿಂತಿದೆ. ಪಾರ್ಶ್ವವಾಯು ಅಥವಾ ಪಾರ್ಕಿನ್ಸನ್‌ನಿಂದ ಮಾತೂ ತೊದಲುವವರಲ್ಲಿ ಈ ಅಳತೆಯೇ ತಪ್ಪುತ್ತದೆ. ಕೈಗೆ ಪರ್ಯಾಯವಾಗಿ ಮಾತು ತೀರಾ ಅಗತ್ಯವಿರುವ ಇಂಥವರ ಮಾತೇ ಯಂತ್ರಕ್ಕೆ ಹೆಚ್ಚು ಕಷ್ಟ. ಅಸ್ಪಷ್ಟ ಉಚ್ಚಾರಕ್ಕಾಗಿ ಗೂಗಲ್ 2019ರಲ್ಲಿ ಪ್ರಕಟಿಸಿದ 'ಯುಫೋನಿಯಾ' ಯೋಜನೆ ಇಂಗ್ಲಿಷಿನಿಂದ ಆರಂಭವಾಯಿತು.

ಎರಡನೆಯ ತೊಡಕು ಪ್ರತ್ಯಯಗಳದ್ದು, ಕನ್ನಡದ ಸಂದರ್ಭದಲ್ಲಿ ಇದೇ ಆಳವಾದದ್ದು. ಇಂಗ್ಲಿಷಿನ ಒಂದು ಕ್ರಿಯಾಪದಕ್ಕೆ ನಾಲ್ಕೈದು ರೂಪಗಳು ಸಾಕು. ಕನ್ನಡದಲ್ಲಿ ಕಳುಹಿಸಿದೆ, ಕಳುಹಿಸಿದ್ದೇವೆ, ಕಳುಹಿಸಬೇಕಾಗಿತ್ತು, ಕಳುಹಿಸಿಕೊಟ್ಟಿದ್ದರಂತೆ ಎಂದು ಒಂದೇ ಧಾತು ನೂರಾರು ರೂಪ ತಾಳುತ್ತದೆ. ಊರಿನ ಹೆಸರೂ ಹಾಗೆಯೇ: ಖಾನಾಪುರದ, ಖಾನಾಪುರದಿಂದಲೂ, ಖಾನಾಪುರದವರಿಗೇ. ಎಷ್ಟು ದೊಡ್ಡ ಪದಪಟ್ಟಿ ಕೊಟ್ಟರೂ ಅದರಲ್ಲಿಲ್ಲದ ರೂಪವೊಂದು ಮುಂದಿನ ವಾಕ್ಯದಲ್ಲೇ ಎದುರಾಗುತ್ತದೆ, ಯಂತ್ರ ಅದನ್ನು ಹತ್ತಿರದ ಬೇರೊಂದು ಪದವನ್ನಾಗಿ ಬರೆಯುತ್ತದೆ ಅಥವಾ ನಡುವೆ ಕಡಿದು ಎರಡು ಮಾಡುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎ.ಜಿ. ರಾಮಕೃಷ್ಣನ್ ಅವರ ಪ್ರಯೋಗಾಲಯ ತಮಿಳು ಮತ್ತು ಕನ್ನಡಕ್ಕಾಗಿ ಮಾಡಿದ ಕೆಲಸ ಇಲ್ಲಿ ಗಮನಾರ್ಹ. ಇಡೀ ಪದದ ಬದಲು ಪದದ ತುಂಡುಗಳನ್ನು ಯಂತ್ರಕ್ಕೆ ಕಲಿಸಿ, ತುಂಡುಗಳನ್ನು ಹೊಸದಾಗಿ ಜೋಡಿಸಿಕೊಳ್ಳಲು ಬಿಡುವ ವಿಧಾನವನ್ನು ಅದು ಬೆಳೆಸಿತು. 2022ರಲ್ಲಿ ಸುಮಾರು 350 ಗಂಟೆಗಳ ಕನ್ನಡ ವಾಚನದ ಸಂಗ್ರಹವನ್ನೂ ಮುಕ್ತವಾಗಿ ಬಿಡುಗಡೆ ಮಾಡಿತು. ಕನ್ನಡದ ವ್ಯಾಕರಣಕ್ಕೆ ತಕ್ಕ ಪರಿಹಾರವನ್ನು ಕನ್ನಡ ನಾಡಿನಲ್ಲೇ ಹುಡುಕಿದ ಈ ಪ್ರಯತ್ನಕ್ಕೆ ಸಿಗಬೇಕಾದಷ್ಟು ಪ್ರಚಾರ ಸಿಕ್ಕಿಲ್ಲ.

ಇದಕ್ಕೂ ಮುಂಚೆ ತುಮಕೂರಿನ ಸಿದ್ಧಗಂಗಾ ತಾಂತ್ರಿಕ ವಿದ್ಯಾಲಯದ ಸಂಶೋಧಕರು ರೈತರ ದನಿಗಳನ್ನು ಸಂಗ್ರಹಿಸಿ, ಫೋನಿನಲ್ಲಿ ಕನ್ನಡದಲ್ಲೇ ಕೇಳಿ ಕೃಷಿ ಉತ್ಪನ್ನಗಳ ಬೆಲೆ ತಿಳಿಯುವ ವ್ಯವಸ್ಥೆಯನ್ನು ರೂಪಿಸಿದ್ದರು. ಪ್ರಶ್ನೆಗಳು ಗೊತ್ತಿರುವ ಚೌಕಟ್ಟಿನೊಳಗೇ ಇರುವುದರಿಂದ ಅಂಥ ವ್ಯವಸ್ಥೆ ಇಮೇಲಿಗಿಂತ ಸುಲಭ. ಇಮೇಲಿನಲ್ಲಿ ಯಾರು ಯಾವ ವಿಷಯ ಎತ್ತುತ್ತಾರೆ ಎಂಬುದಕ್ಕೆ ಮಿತಿಯಿಲ್ಲ.

ಬೆಳಗಾವಿ ಸೀಮೆಯ ಮಾತು

ತರಬೇತಿಗೆ ಬಳಸಿದ ದನಿ ಯಾರದು ಎಂಬುದರ ಮೇಲೆ ಯಂತ್ರದ ಕಿವಿ ನಿಂತಿದೆ. ಐಐಟಿ ಮದ್ರಾಸಿನ ಎಐ4ಭಾರತ್ ಬಳಗ 2022ರಲ್ಲಿ ಪ್ರಕಟಿಸಿದ 'ಶ್ರುತಿಲಿಪಿ' ಸಂಗ್ರಹದಲ್ಲಿ 12 ಭಾಷೆಗಳ 6,400ಕ್ಕೂ ಹೆಚ್ಚು ಗಂಟೆಗಳ ಧ್ವನಿಯಿದೆ, ಅದರ ಮೂಲ ಆಕಾಶವಾಣಿಯ ವಾರ್ತೆಗಳು. ವಾರ್ತಾವಾಚಕರು ಬರಹದ ಕನ್ನಡವನ್ನು ತಿದ್ದಿದ ದನಿಯಲ್ಲಿ ಓದುತ್ತಾರೆ. ಬೆಳಗಾವಿಯಲ್ಲಿ ಮಾತನಾಡುವವರು 'ಮೇಲ್ ಕಳಸಾಕತ್ತೀನ್ರಿ' ಎನ್ನುತ್ತಾರೆ, 'ಕಳುಹಿಸುತ್ತಿದ್ದೇನೆ' ಎನ್ನುವುದಿಲ್ಲ. 'ಬಂದಿದೆ' ಎಂಬುದು 'ಬಂದೈತಿ', 'ಬೇಡ' ಎಂಬುದು 'ಬ್ಯಾಡ', 'ಪೇಟೆ' ಎಂಬುದು 'ಪ್ಯಾಟಿ'. ಪದದ ನಡುವಿನ ಸ್ವರ ಬಿದ್ದುಹೋಗುತ್ತದೆ, ಕೊನೆಯ 'ಎ' 'ಇ' ಆಗುತ್ತದೆ, ಗೌರವದ 'ರಿ' ಕ್ರಿಯಾಪದಕ್ಕೆ ಅಂಟುತ್ತದೆ. ಆ 'ರಿ'ಯನ್ನು ಧ್ವನಿ ಟೈಪಿಂಗ್ ಕೆಲವೊಮ್ಮೆ ನುಂಗುತ್ತದೆ, ಕೆಲವೊಮ್ಮೆ ಬೇರೆ ಪದವಾಗಿ ಬಿಡಿಸುತ್ತದೆ. ಮೇಲಧಿಕಾರಿಗೆ ಬರೆದ ಪತ್ರದಲ್ಲಿ 'ನೋಡ್ರಿ' 'ನೋಡು' ಆದರೆ ಅದು ಬರೀ ಕಾಗುಣಿತದ ತಪ್ಪಾಗಿ ಉಳಿಯುವುದಿಲ್ಲ. ಆದ್ದರಿಂದ ಇಲ್ಲಿನವರು ಮೈಕಿನ ಮುಂದೆ ತಮ್ಮ ಮಾತನ್ನು ಪಠ್ಯಪುಸ್ತಕದ ಕನ್ನಡಕ್ಕೆ ಬದಲಿಸಿಕೊಂಡು ಹೇಳಬೇಕಾಗುತ್ತದೆ. ಭಾರ ಯಂತ್ರದ ಮೇಲಿರಬೇಕಾದಲ್ಲಿ ಮನುಷ್ಯನ ಮೇಲಿದೆ.

ಈ ಕೊರತೆಯನ್ನು ನೇರವಾಗಿ ಮುಟ್ಟಿದ್ದು ಭಾರತೀಯ ವಿಜ್ಞಾನ ಸಂಸ್ಥೆ, ಆರ್ಟ್‌ಪಾರ್ಕ್ ಮತ್ತು ಗೂಗಲ್ ಸೇರಿ ಕೈಗೊಂಡ 'ವಾಣಿ' ಯೋಜನೆ. ಇದರಲ್ಲಿ ಭಾಷೆಗಿಂತ ಜಿಲ್ಲೆಯೇ ಘಟಕ. ಜನರಿಗೆ ಚಿತ್ರವೊಂದನ್ನು ತೋರಿಸಿ, ಕಂಡದ್ದನ್ನು ತಮ್ಮ ಮಾತಿನಲ್ಲೇ ಹೇಳಲು ಬಿಡಲಾಗುತ್ತದೆ. ಓದಲು ಬರೆದ ವಾಕ್ಯ ಕೊಡುವುದಿಲ್ಲ. ಮೊದಲ ಹಂತದ 80 ಜಿಲ್ಲೆಗಳಲ್ಲಿ ಸುಮಾರು 80,000 ಮಂದಿಯಿಂದ 58 ಭಾಷೆಗಳ 14,000 ಗಂಟೆಗಳ ಮಾತು ಸಂಗ್ರಹವಾಯಿತು. ಧಾರವಾಡ, ವಿಜಯಪುರ, ರಾಯಚೂರು, ಕಲಬುರಗಿಗಳ ಜೊತೆ ಬೆಳಗಾವಿಯೂ ಅದರಲ್ಲಿದೆ, 2014ರ ಹೆಸರು ಬದಲಾವಣೆಗೆ ಮೊದಲಿನ 'ಬೆಳಗಾಂ' ಎಂಬ ಹೆಸರಿನಲ್ಲಿ. ಭಾರತೀಯ ವಿಜ್ಞಾನ ಸಂಸ್ಥೆಯದೇ ಆದ 'ರೆಸ್ಪಿನ್' ಯೋಜನೆ ಕೃಷಿ ಮತ್ತು ಹಣಕಾಸಿನ ಮಾತಿಗಾಗಿ ಒಂಬತ್ತು ಭಾಷೆಗಳ ಒಳನುಡಿಗಳನ್ನು ಕಲೆಹಾಕಿತು. ಅವುಗಳಲ್ಲಿ ಕನ್ನಡ, ಮರಾಠಿ ಎರಡೂ ಸೇರಿವೆ. ಪ್ರಸ್ತುತ ಲೇಖಕರ ಅಭಿಪ್ರಾಯದಲ್ಲಿ, ಗಡಿ ಜಿಲ್ಲೆಗಳ ಬಳಕೆದಾರರಿಗೆ ಯಾವುದೇ ಹೊಸ ಆ್ಯಪಿಗಿಂತ ಈ ಸಂಗ್ರಹಗಳು ಮುಖ್ಯ.

ಖಾನಾಪುರ ತಾಲ್ಲೂಕಿನಲ್ಲಿ ಚಿತ್ರ ಇನ್ನಷ್ಟು ಬೆರಕೆ. ಬೀಡಿ, ಇಟಗಿ, ಕಕ್ಕೇರಿ ಕಡೆಯ ಬಯಲು ಕನ್ನಡದ್ದು. ಜಾಂಬೋಟಿ, ಕಣಕುಂಬಿ, ಲೋಂಡಾ ಕಡೆಯ ಕಾಡುಸೀಮೆಯಲ್ಲಿ ಮರಾಠಿ, ಕೊಂಕಣಿ ಹೆಚ್ಚು. ಧ್ವನಿ ಟೈಪಿಂಗಿಗೆ ಭಾಷೆಯನ್ನು ಮೊದಲೇ ಆರಿಸಿಡಬೇಕು. ಕನ್ನಡ ಆರಿಸಿಟ್ಟು ನಡುವೆ ಒಂದು ಮರಾಠಿ ವಾಕ್ಯ ಆಡಿದರೆ ಅದು ಕನ್ನಡ ಲಿಪಿಯ ಅರ್ಥವಿಲ್ಲದ ಸಾಲಾಗುವುದುಂಟು. ಮಾತಿನ ನಡುವೆ ಭಾಷೆ ದಾಟುವುದು ಇಲ್ಲಿನ ಜನರಿಗೆ ಸಹಜ, ಆದರೆ ಆಯ್ಕೆ ಬದಲಿಸಲು ಬೆರಳು ಬೇಕು.

ಅಪ್ಪಣೆ ಮತ್ತು ತಿದ್ದುಪಡಿ

ಆಂಡ್ರಾಯ್ಡ್ ಫೋನಿನ ವಾಯ್ಸ್ ಆ್ಯಕ್ಸೆಸ್ (2018), ಆ್ಯಪಲ್‌ನ ವಾಯ್ಸ್ ಕಂಟ್ರೋಲ್ (2019), ವಿಂಡೋಸ್ 11ರ ವಾಯ್ಸ್ ಆ್ಯಕ್ಸೆಸ್ (2022) ಪರದೆಯ ಪ್ರತಿ ಗುಂಡಿಯ ಮೇಲೆ ಒಂದೊಂದು ಅಂಕಿ ತೋರಿಸುತ್ತವೆ. ಅಂಕಿ ಹೇಳಿದರೆ ಗುಂಡಿ ಒತ್ತಿದಂತೆ. ಇಂಗ್ಲಿಷ್ ಬಾರದವರೂ ಕಲಿಯಬಲ್ಲ ಭಾಗ ಇದು: ಒಂದೆರಡು ಡಜನ್ ಇಂಗ್ಲಿಷ್ ಅಂಕಿ, ಹತ್ತು-ಹನ್ನೆರಡು ಅಪ್ಪಣೆ ಬಾಯಿಗೆ ಬಂದರೆ ಅಂಚೆಪೆಟ್ಟಿಗೆ ತೆರೆದು ಮುಚ್ಚಬಹುದು. ಒಕ್ಕಣೆಯ ತಿದ್ದುಪಡಿಯೇ ನಿಜವಾದ ಪರೀಕ್ಷೆ. ಗೂಗಲ್ ಡಾಕ್ಸ್‌ನಲ್ಲಿ ಕನ್ನಡ ಬರೆಸಬಹುದು. ಆದರೆ ಪದ ಆರಿಸುವ, ಅಳಿಸುವ ಧ್ವನಿ ಅಪ್ಪಣೆಗಳು ಇಂಗ್ಲಿಷಿಗೆ ಮಾತ್ರ. ತಪ್ಪಿದ ಒಂದು ಪದಕ್ಕಾಗಿ ಇಡೀ ವಾಕ್ಯವನ್ನು ಮತ್ತೆ ಹೇಳುವುದೇ ಹಲವು ಸಲ ಬೇಗ ಮುಗಿಯುತ್ತದೆ. ಜಿಮೇಲ್‌ನಲ್ಲಿ ಕಳುಹಿಸಿದ್ದನ್ನು ಹಿಂತೆಗೆಯುವ ಅವಧಿಯನ್ನು 30 ಸೆಕೆಂಡಿಗೆ ಏರಿಸಿಕೊಳ್ಳುವುದು ಇಂಥ ಬಳಕೆದಾರರಿಗೆ ಉಪಯುಕ್ತ. 2024ರಲ್ಲಿ ಗೂಗಲ್‌ನ ಎಐ ಸಹಾಯಕ ಜೆಮಿನಿ ಕನ್ನಡವೂ ಸೇರಿದಂತೆ ಒಂಬತ್ತು ಭಾರತೀಯ ಭಾಷೆಗಳಲ್ಲಿ ಬಂದ ಮೇಲೆ, ಆಡುಮಾತಿನಲ್ಲಿ ವಿಷಯ ಹೇಳಿ ಪತ್ರದ ಭಾಷೆಯಲ್ಲಿ ಕರಡು ಮಾಡಿಸುವ ದಾರಿ ತೆರೆದಿದೆ.

ವಿಳಾಸ, ಲಿಪಿ, ಸಂಪರ್ಕ

ಇಮೇಲ್ ವಿಳಾಸ ಸಾಮಾನ್ಯವಾಗಿ ಇಂಗ್ಲಿಷ್ ಅಕ್ಷರಗಳದ್ದು. ಕನ್ನಡ ಟೈಪಿಂಗಿನಲ್ಲಿ ಹೇಳಿದರೆ ಅದು ಕನ್ನಡ ಲಿಪಿಯಲ್ಲಿ ಬರುತ್ತದೆ, ಆದ್ದರಿಂದ ಸಂಪರ್ಕ ಪಟ್ಟಿಯಲ್ಲಿ ಮೊದಲೇ ಸೇರಿಸಿಡುವುದು ರೂಢಿ. ಇತರ ಲಿಪಿಗಳ ವಿಳಾಸಕ್ಕೆ ಮಾನದಂಡ 2012ರಲ್ಲೇ ಸಿದ್ಧವಾಗಿತ್ತು, ಜಿಮೇಲ್ 2014ರಿಂದ ಅಂಥ ವಿಳಾಸಗಳಿಗೆ ಪತ್ರ ಕಳುಹಿಸುತ್ತಿದೆ. ಬಳಕೆ ಮಾತ್ರ ವಿರಳ. ಹಳೆಯ ನುಡಿ ಅಕ್ಷರವಿನ್ಯಾಸದಲ್ಲಿ ಸಿದ್ಧವಾದ ಕಡತ ಲಗತ್ತಾಗಿ ಬಂದರೆ ಯಂತ್ರ ಅದನ್ನು ಓದಲಾರದು, ಏಕೆಂದರೆ ಅದರೊಳಗಿರುವುದು ಯೂನಿಕೋಡ್ ಕನ್ನಡವಲ್ಲ.

ಫೋನಿನ ಕನ್ನಡ ಧ್ವನಿ ಟೈಪಿಂಗ್ ಸಾಮಾನ್ಯವಾಗಿ ಮಾತನ್ನು ದೂರದ ಸರ್ವರಿಗೆ ಕಳುಹಿಸಿ ಪಠ್ಯ ಪಡೆಯುತ್ತದೆ. ಇಂಟರ್ನೆಟ್ ಸಂಪರ್ಕ ಸರಿಯಿಲ್ಲದ, ಭೀಮಗಡ ವನ್ಯಧಾಮದೊಳಗಿನ ಆಮಗಾಂವದಂಥ ಊರುಗಳಿಗೆ ಇದು ಒಗ್ಗುವುದಿಲ್ಲ. ಕಣಕುಂಬಿಯ ಮಳೆಗಾಲದಲ್ಲಿ ಹಂಚಿನ ಮೇಲಿನ ಸದ್ದು ಬೇರೆ ತೊಡಕು. ಬಾಯಿಯ ಹತ್ತಿರವೇ ನಿಲ್ಲುವ ಹೆಡ್‌ಸೆಟ್ ಮೈಕಿನಿಂದ ಅದು ಬಹುಮಟ್ಟಿಗೆ ನೀಗುತ್ತದೆ. ಓಪನ್‌ಎಐ 2022ರಲ್ಲಿ ಮುಕ್ತವಾಗಿ ಬಿಟ್ಟ 'ವಿಸ್ಪರ್' ಇಂಟರ್ನೆಟ್ ಇಲ್ಲದೆಯೂ ಕನ್ನಡ ಕೇಳಬಲ್ಲದು. ಅದರ ದೊಡ್ಡ ಮಾದರಿಗೆ ಶಕ್ತಿಯುತ ಕಂಪ್ಯೂಟರ್ ಬೇಕು, ಚಿಕ್ಕವು ಕನ್ನಡದಲ್ಲಿ ಮುಗ್ಗರಿಸುತ್ತವೆ.

ಕಾನೂನು

2016ರ ಅಂಗವಿಕಲರ ಹಕ್ಕುಗಳ ಅಧಿನಿಯಮ 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸಿ, ಮಾಹಿತಿ ತಂತ್ರಜ್ಞಾನ ಎಲ್ಲರಿಗೂ ಎಟಕುವಂತೆ ಮಾಡುವ ಹೊಣೆಯನ್ನು ಸರ್ಕಾರದ ಮೇಲೆ ಹೊರಿಸಿತು. 2025ರ ಏಪ್ರಿಲ್ 30ರಂದು ಸುಪ್ರೀಂ ಕೋರ್ಟ್, ಡಿಜಿಟಲ್ ಕೆವೈಸಿ ಪ್ರಕರಣವೊಂದರಲ್ಲಿ, ಡಿಜಿಟಲ್ ಸೌಲಭ್ಯ ಪಡೆಯುವುದು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗ ಎಂದು ತೀರ್ಪಿತ್ತಿತು.