ನೌಕರಿಯಿಂದ ಕರಾರಿಗೆ: ಕಾರ್ಲ್ಟನ್ ಚಾಪ್‌ಮನ್ ಅವರ ಆಟ ಮತ್ತು ತರಬೇತಿಯ ವರ್ಷಗಳು

ಕರ್ನಾಟಕದ ಫುಟ್‌ಬಾಲ್ ಇತಿಹಾಸವನ್ನು ನಾವು ಹೆಚ್ಚಾಗಿ ಗೆದ್ದ ಟ್ರೋಫಿಗಳ ಲೆಕ್ಕದಲ್ಲಿ ಬರೆದುಕೊಂಡಿದ್ದೇವೆ. ಆಟಗಾರನ ಮನೆ ಯಾರ ಸಂಬಳದಲ್ಲಿ ನಡೆಯಿತು, ಆಡುವ ವಯಸ್ಸು ಮುಗಿದ ಮೇಲೆ ಅವನು ಏನು ಮಾಡಿದ ಎಂಬ ಪ್ರಶ್ನೆ ಆ ಲೆಕ್ಕದಲ್ಲಿ ಬರುವುದಿಲ್ಲ. ಭಾರತ ತಂಡದ ನಾಯಕರಾಗಿದ್ದು, ಮುಂದೆ ತರಬೇತುದಾರರಾದ ಬೆಂಗಳೂರಿನ ಕಾರ್ಲ್ಟನ್ ಚಾಪ್‌ಮನ್ (1971–2020) ಅವರ ಬದುಕನ್ನು ಈ ಪ್ರಶ್ನೆಯ ಮೂಲಕ ನೋಡುವುದು ಈ ಲೇಖನದ ಉದ್ದೇಶ. ಅದಕ್ಕೆ ಮೊದಲು ಕೋಲಾರ ಚಿನ್ನದ ಗಣಿಯ (ಕೆಜಿಎಫ್) ಕಡೆಗೆ ಹೋಗಬೇಕು. ಕಂಪನಿಯೇ ಊರನ್ನು ಸಾಕುವ ವ್ಯವಸ್ಥೆ ನಮ್ಮ ನಾಡಿನಲ್ಲಿ ಅಷ್ಟು ನಿಚ್ಚಳವಾಗಿ ಕಾಣುವುದು ಅಲ್ಲೇ.

ಬೆಂಗಳೂರು ದಂಡಿಗೂ ಜೋಲಾರ್‌ಪೇಟೆಗೂ 1864ರಲ್ಲಿ ರೈಲು ಸಂಪರ್ಕವಾಯಿತು. ಆ ದಾರಿಯಲ್ಲಿ ಬೆಳೆದ ಬೌರಿಂಗ್‌ಪೇಟೆಯೇ ಇಂದಿನ ಬಂಗಾರಪೇಟೆ. ಜಾನ್ ಟೇಲರ್ ಕಂಪನಿ 1880ರಲ್ಲಿ ಗಣಿಗಾರಿಕೆ ವಹಿಸಿಕೊಂಡಿತು. 1894ರಲ್ಲಿ ಬಂಗಾರಪೇಟೆಯಿಂದ ಗಣಿ ಪ್ರದೇಶಕ್ಕೆ ಕವಲು ಹಳಿ ಬಂತು, 1902ರಲ್ಲಿ ಶಿವನಸಮುದ್ರದ ವಿದ್ಯುತ್ತೂ ಬಂತು. ಉತ್ತರ ಆರ್ಕಾಟ್, ಚಿತ್ತೂರು ಕಡೆಯಿಂದ ಬಂದ ತಮಿಳು, ತೆಲುಗು ಕೂಲಿಕಾರರು ಮತ್ತು ಆಂಗ್ಲೋ-ಇಂಡಿಯನ್ ಕುಟುಂಬಗಳು ಚಾಂಪಿಯನ್ ರೀಫ್, ಊರ್ಗಾಂ, ಮಾರಿಕುಪ್ಪಂ ಸುತ್ತ ನೆಲೆಯೂರಿದರು. ಕಾರ್ಮಿಕರ ಮನೆ, ನೀರು, ಆಸ್ಪತ್ರೆ, ಅಧಿಕಾರಿಗಳ ಕ್ಲಬ್ಬು ಎಲ್ಲವೂ ಕಂಪನಿಯವೇ. ಪಾಳಿಯ ಸೈರನ್ನು ಊರಿನ ಗಡಿಯಾರವಾಗಿತ್ತು. ಬೆಂಗಳೂರು ದಂಡಿನ ಜನಸಮುದಾಯವೂ ಹೆಚ್ಚುಕಡಿಮೆ ಇದೇ ಬೇರುಗಳಿಂದ ಬಂದದ್ದು. ಹೀಗಾಗಿ ಆಸ್ಟಿನ್ ಟೌನ್ ಅಥವಾ ಹಲಸೂರಿನ ಗೌತಮಪುರದ ಬೀದಿಗೂ ಕೆಜಿಎಫ್‌ನ ಲೈನ್ ಮನೆಗಳಿಗೂ ಇರುವ ದೂರ ರೈಲಿನ ದೂರ ಮಾತ್ರ ಎಂದು ನಾನು ಭಾವಿಸುತ್ತೇನೆ.

ಸ್ವಾತಂತ್ರ್ಯದ ನಂತರ ಬೆಂಗಳೂರಿನಲ್ಲಿ ಎಚ್‌ಎಎಲ್, ಐಟಿಐ, ಬಿಇಎಲ್‌ನಂಥ ಸಾರ್ವಜನಿಕ ಉದ್ಯಮಗಳು ಆಟಗಾರರ ಪೋಷಕರಾದವು. 1964ರಲ್ಲಿ ಬೆಮೆಲ್ ಶುರುವಾಗಿ ಕೆಜಿಎಫ್‌ನಲ್ಲೂ ಅದರ ಕಾರ್ಖಾನೆ ಬೆಳೆಯಿತು. ಈ ವ್ಯವಸ್ಥೆಯ ನಡಾವಳಿ ಸರಳ: ಕ್ರೀಡಾ ಕೋಟಾದಲ್ಲಿ ನೌಕರಿ, ಅಭ್ಯಾಸಕ್ಕೆ ಕೆಲಸದ ಹೊತ್ತಿನಲ್ಲಿ ಬಿಡುವು, ಟೂರ್ನಿಗೆ ಹೋದರೆ ವಿಶೇಷ ರಜೆ. ಆಟ ನಿಂತ ಮರುದಿನವೂ ಹಾಜರಿ ಪುಸ್ತಕದಲ್ಲಿ ಹೆಸರು ಇರುತ್ತಿತ್ತು, ನಿವೃತ್ತಿಯಾದಾಗ ಭವಿಷ್ಯನಿಧಿಯೂ ಕೈಗೆ ಬರುತ್ತಿತ್ತು. ಕೋಲಾರದಲ್ಲಿ ಹುಟ್ಟಿದ ಓಟಗಾರ ಕೆನೆತ್ ಪೋವೆಲ್ ಐಟಿಐ ನೌಕರಿ ಹಿಡಿದು ಬೆಂಗಳೂರಿನಲ್ಲಿ ಬೆಳೆದು, 1964ರ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಓಡಿದ್ದು ಇದೇ ಆಸರೆಯಲ್ಲಿ. ಸಂಬಳ ದೊಡ್ಡದೇನಲ್ಲ, ಆದರೆ ಆಟಗಾರ ನಡುವಯಸ್ಸಿನಲ್ಲಿ ಬೀದಿಗೆ ಬೀಳುತ್ತಿರಲಿಲ್ಲ.

ಚಾಪ್‌ಮನ್ ಆಯ್ದುಕೊಂಡದ್ದು, ಅಥವಾ ಕಾಲ ಅವರಿಗೆ ತೋರಿಸಿದ್ದು, ಬೇರೆಯೇ ದಾರಿ. 1971ರ ಏಪ್ರಿಲ್ 13ರಂದು ಬೆಂಗಳೂರಿನಲ್ಲಿ ಹುಟ್ಟಿದ ಅವರು 1990ರಲ್ಲಿ ಜಮ್ಶೆಡ್‌ಪುರದ ಟಾಟಾ ಫುಟ್‌ಬಾಲ್ ಅಕಾಡೆಮಿ ಸೇರಿದರು. ಆ ಅಕಾಡೆಮಿಗೆ ಆಗ ಮೂರೇ ವರ್ಷ. ಅಲ್ಲಿ ಕಲಿತವರು ಕಾರ್ಖಾನೆಯ ತಂಡವನ್ನು ನೆಚ್ಚಿಕೊಳ್ಳದೆ ನೇರವಾಗಿ ದೊಡ್ಡ ಕ್ಲಬ್ಬುಗಳಿಗೆ ಹೋಗುವ ಹೊಸ ಪರಿಪಾಠ ಶುರುವಾಗಿತ್ತು. ಚಾಪ್‌ಮನ್ 1993ರಲ್ಲಿ ಈಸ್ಟ್ ಬೆಂಗಾಲ್ ಸೇರಿದರು.

ಆ ವರ್ಷದ ಒಂದು ಪಂದ್ಯವನ್ನು ಹತ್ತಿರದಿಂದ ನೋಡಬೇಕು. ಏಷ್ಯನ್ ಕಪ್ ವಿನ್ನರ್ಸ್ ಕಪ್‌ನಲ್ಲಿ ಎದುರಾಳಿ ಇರಾಕಿನ ಅಲ್ ಜವ್ರಾ. ಈಸ್ಟ್ ಬೆಂಗಾಲ್ 6–2ರಿಂದ ಗೆದ್ದಿತು, ಅದರಲ್ಲಿ ಚಾಪ್‌ಮನ್ ಅವರದೇ ಮೂರು ಗೋಲು. ಹ್ಯಾಟ್ರಿಕ್ ಮುಂಚೂಣಿ ಆಟಗಾರರಿಗೆ ಒಲಿಯುವ ಭಾಗ್ಯ, ಚಾಪ್‌ಮನ್ ಆಡುತ್ತಿದ್ದದ್ದು ಮಧ್ಯಮೈದಾನದಲ್ಲಿ. ಆ ಜಾಗದ ಆಟಗಾರ ರಕ್ಷಣೆಯಿಂದ ಚೆಂಡು ಪಡೆಯಬೇಕು, ಎದುರಾಳಿ ಮೈಮೇಲೆ ಬೀಳುವ ಮೊದಲೇ ಅದನ್ನು ಮುಂಚೂಣಿ ಆಟಗಾರನ ಕಾಲಿಗೆ ದಾಟಿಸಬೇಕು, ಚೆಂಡು ತಪ್ಪಿದರೆ ಹಿಂದಕ್ಕೂ ಓಡಬೇಕು. ಇಷ್ಟನ್ನೂ ಮಾಡುವ ಜಾಗದಿಂದ ಮೂರು ಗೋಲು ಹೊಡೆದದ್ದು ಆಟವನ್ನು ಓದುವ ಶಕ್ತಿಗೆ ಸಾಕ್ಷಿ. ಮುಂದೆ ಅವರು ತರಬೇತಿಗೆ ಇಳಿದದ್ದರ ಬೀಜ ಇಲ್ಲೇ ಇದೆ ಎಂಬುದು ನನ್ನ ಗ್ರಹಿಕೆ.

1995ರಲ್ಲಿ ಪಂಜಾಬಿನ ಜೆಸಿಟಿ ತಂಡಕ್ಕೆ ಹೋದರು. ಐ.ಎಂ. ವಿಜಯನ್, ಬೈಚುಂಗ್ ಭುಟಿಯಾ ಮುಂದೆ, ಚಾಪ್‌ಮನ್ ಅವರ ಹಿಂದೆ: 1996–97ರ ಮೊದಲ ರಾಷ್ಟ್ರೀಯ ಫುಟ್‌ಬಾಲ್ ಲೀಗ್ ಜೆಸಿಟಿ ಪಾಲಾಯಿತು. 1997ರಲ್ಲಿ ಹೊಸದಾಗಿ ಹುಟ್ಟಿದ ಎಫ್‌ಸಿ ಕೊಚ್ಚಿನ್‌ಗೆ ಸೇರಿ, ಮರುವರ್ಷ ಈಸ್ಟ್ ಬೆಂಗಾಲ್‌ಗೆ ಮರಳಿದರು. 2000–01ರಲ್ಲಿ ಅವರ ನಾಯಕತ್ವದಲ್ಲೇ ಈಸ್ಟ್ ಬೆಂಗಾಲ್ ಮೊದಲ ಸಲ ರಾಷ್ಟ್ರೀಯ ಲೀಗ್ ಗೆದ್ದಿತು.

ಅದೇ 2001ರ ಫೆಬ್ರವರಿ 28ರಂದು ಕೆಜಿಎಫ್‌ನ ಗಣಿಗಳನ್ನು ನಡೆಸುತ್ತಿದ್ದ ಭಾರತ್ ಗೋಲ್ಡ್ ಮೈನ್ಸ್ ಬಾಗಿಲು ಮುಚ್ಚಿತು. ಕೆಜಿಎಫ್‌ನ ಜನ ಬೆಳಗಿನ ರೈಲು ಹತ್ತಿ ಬಂಗಾರಪೇಟೆಯ ಮೇಲೆ ಬೆಂಗಳೂರಿಗೆ ಕೆಲಸ ಹುಡುಕಿ ಹೋಗತೊಡಗಿದರು. ಚಾಪ್‌ಮನ್ ವೃತ್ತಿಪರ ಆಟಕ್ಕೆ ವಿದಾಯ ಹೇಳಿದ್ದೂ ಅದೇ ವರ್ಷ, ಮೂವತ್ತರ ಹರೆಯದಲ್ಲಿ. ಎರಡು ಘಟನೆಗಳಿಗೂ ನೇರ ಸಂಬಂಧವಿಲ್ಲ. ಆದರೆ ಕಂಪನಿಯ ನೆರಳಿನಲ್ಲಿ ಬದುಕು ಕಟ್ಟಿಕೊಳ್ಳುವ ಕಾಲ ಮುಗಿಯುತ್ತಿದ್ದುದನ್ನು ಎರಡೂ ತಮ್ಮ ತಮ್ಮ ಬಗೆಯಲ್ಲಿ ಹೇಳುತ್ತವೆ. ಕರಾರಿನ ಮೇಲೆ ಆಡಿದವನಿಗೆ ಹಾಜರಿ ಪುಸ್ತಕ ಕಾಯುತ್ತಿರಲಿಲ್ಲ. ಕಲಿತ ವಿದ್ಯೆಯಿಂದಲೇ ಮತ್ತೆ ಸಂಪಾದಿಸಬೇಕಿತ್ತು.

ತರಬೇತಿಯ ದಾರಿ 2002ರಲ್ಲಿ ತಾವೇ ಕಲಿತ ಟಾಟಾ ಅಕಾಡೆಮಿಯಿಂದ ಶುರುವಾಯಿತು. ನಂತರ ಶಿಲ್ಲಾಂಗಿನ ರಾಯಲ್ ವಾಹಿಂಗ್ಡೋ, ಕೋಲ್ಕತ್ತದ ಭವಾನಿಪುರ, 2017ರಲ್ಲಿ ಕೋಝಿಕ್ಕೋಡಿನ ಕ್ವಾರ್ಟ್ಸ್ ಕ್ಲಬ್ಬು. ಹೆಸರುಗಳನ್ನು ಸುಮ್ಮನೆ ಓದಿದರೆ ಅಲೆದಾಟದಂತೆ ಕಾಣುತ್ತದೆ. ನಾನು ಹಾಗೆ ಓದುವುದಿಲ್ಲ. ಈಶಾನ್ಯದ ಹುಡುಗರು ಭಾರತೀಯ ಫುಟ್‌ಬಾಲಿನ ಮುನ್ನೆಲೆಗೆ ಬರುತ್ತಿದ್ದ ದಿನಗಳಲ್ಲಿ ಅವರ ನಡುವೆ ನಿಂತು ಕಲಿಸಿದ ದಕ್ಷಿಣದವರು ಚಾಪ್‌ಮನ್. ಆದರೂ ಅವರು ತೀರಿಕೊಂಡಾಗ ಪತ್ರಿಕೆಗಳು ಅವರನ್ನು ನೆನೆದದ್ದು ಬಹುಮಟ್ಟಿಗೆ ಆಟಗಾರರಾಗಿಯೇ. ಇದು ಅನ್ಯಾಯವೆಂದೇ ನನ್ನ ಅಭಿಪ್ರಾಯ. ಗೋಲಿಗೆ ಅಂಕಿಯಿದೆ, ಹುಡುಗನೊಬ್ಬನ ಕಾಲು ತಿದ್ದಿದ್ದಕ್ಕೆ ಅಂಕಿಯಿಲ್ಲ.

ಅವರ ನಂತರದ ತಲೆಮಾರಿನ ಬೆಂಗಳೂರಿಗ ಷಣ್ಮುಗಂ ವೆಂಕಟೇಶ್ ಕೂಡ ಭಾರತ ತಂಡದ ನಾಯಕರಾಗಿ, ಬಳಿಕ ಇಂಡಿಯನ್ ಆ್ಯರೋಸ್ ತಂಡದ ತರಬೇತುದಾರರಾಗಿ, ರಾಷ್ಟ್ರೀಯ ತಂಡದ ಸಹಾಯಕ ತರಬೇತುದಾರರೂ ಆದರು. 2023ರ ಮಾರ್ಚ್ 4ರಂದು ರಿಯಾದ್‌ನಲ್ಲಿ ಮೇಘಾಲಯವನ್ನು 3–2ರಿಂದ ಸೋಲಿಸಿ, 54 ವರ್ಷಗಳ ಬಳಿಕ ಕರ್ನಾಟಕ ಸಂತೋಷ್ ಟ್ರೋಫಿ ಗೆದ್ದಾಗ ತಂಡವನ್ನು ಸಿದ್ಧಪಡಿಸಿದ್ದು ತರಬೇತುದಾರ ರವಿಬಾಬು ರಾಜು. ಚಾಪ್‌ಮನ್ ಅದನ್ನು ನೋಡಲು ಇರಲಿಲ್ಲ. 2020ರ ಅಕ್ಟೋಬರ್ 12ರಂದು ಬೆಂಗಳೂರಿನಲ್ಲಿ ಹೃದಯಾಘಾತದಿಂದ ತೀರಿಕೊಂಡರು, ವಯಸ್ಸು 49.

ಈ ಇತಿಹಾಸದ ಆಕರಗಳು ಗ್ರಂಥಾಲಯಗಳಿಗಿಂತ ಹೆಚ್ಚಾಗಿ ಮನೆಗಳಲ್ಲಿವೆ. ಕೆಜಿಎಫ್, ಬಂಗಾರಪೇಟೆ, ಆಸ್ಟಿನ್ ಟೌನ್ ಕಡೆಯ ಹಳೆಯ ಆಟಗಾರರ ಕುಟುಂಬದವರು ತಂಡದ ಫೋಟೊ, ಟೂರ್ನಿಯ ಕರಪತ್ರ, ನೌಕರಿಯ ಆದೇಶಪತ್ರಗಳನ್ನು ಗುಜರಿಗೆ ಹಾಕದೆ ಉಳಿಸಬೇಕು, ಅವುಗಳ ಹಿಂದೆ ಇಸವಿ ಮತ್ತು ಹೆಸರುಗಳನ್ನು ಇಂದೇ ಬರೆದಿಡಬೇಕು ಎಂದು ಕೇಳಿಕೊಳ್ಳುತ್ತೇನೆ.