ಮಳೆಯ ವಹಿಯಲ್ಲಿ ಸೊನ್ನೆ ಮತ್ತು ಖಾಲಿ ಖಾನೆ

ಶಿರೂರ ಅನಂತಪಾಳದ ಕಡೆ ಹಿರಿಯರು ಮಳೆಯನ್ನು ಮಿಲಿಮೀಟರಿನಲ್ಲಿ ಹೇಳೋದಿಲ್ಲ. ‘ಮಿರಗ ಛಲೋ ಆತು, ಆರಿದ್ರ ಕೈ ಕೊಡ್ತು’ ಅಂತಾರ. ಅದು ನೆನಪಿನ ದಾಖಲೆ. ಅಳತೆಯ ದಾಖಲೆಯೂ ಹೊಸದೇನಲ್ಲ. ಉಗ್ರಾಣದಲ್ಲಿ ಒಂದು ಮೊಳ ಅಗಲದ ಬಾಯಿಯ ಪಾತ್ರೆ ಇಟ್ಟು ಮಳೆ ಅಳೆಯಬೇಕೆಂದು ಕೌಟಿಲ್ಯನ ಅರ್ಥಶಾಸ್ತ್ರ ಹೇಳುತ್ತದೆ. 1860ರಲ್ಲಿ ಬ್ರಿಟನ್ನಿನ ಜಾರ್ಜ್ ಸೈಮನ್ಸ್ ಸ್ವಯಂಸೇವಕರ ಲೆಕ್ಕ ಕೂಡಿಸತೊಡಗಿದ. 1875ರಲ್ಲಿ ಭಾರತೀಯ ಹವಾಮಾನ ಇಲಾಖೆ ಬಂತು. ಕೊಡಗಿನ ಕಾಫಿ ತೋಟದವರು ಇವತ್ತಿಗೂ ಇಂಚು-ಸೆಂಟಿನಲ್ಲೇ ಮಾತಾಡ್ತಾರೆ. ಸೆಂಟ್ ಅಂದ್ರೆ ಇಂಚಿನ ನೂರನೇ ಪಾಲು.

ನನಗೆ ದೊಡ್ಡದು ಅನಿಸೋದು ಬರೆಯುವ ಶಿಸ್ತು. ಹಸ್ತಪ್ರತಿ ಓದುವ ನಮಗೆ ಇದು ಗೊತ್ತಿರಬೇಕು: ಕವಿ ಬರೆಯಲಿಲ್ಲ ಎಂಬುದು ಬೇರೆ, ಓಲೆಗರಿ ಮುರಿದಿದೆ ಎಂಬುದು ಬೇರೆ. ಮಳೆಯ ವಹಿಯೂ ಹಾಗೇ. ದಿನಾ ಮುಂಜಾನೆ 8.30ಕ್ಕೆ ಮಾಪಕ ನೋಡಬೇಕು. ಹಿಂದಿನ 24 ತಾಸಿನ ನೀರು ಆವತ್ತಿನ ತಾರೀಖಿಗೇ ಸೇರುತ್ತದೆ. ಮಳೆ ಬೀಳದಿದ್ದರೆ 0 ಬರೆಯಬೇಕು. ಊರಿಗೆ ಹೋಗಿ ನೋಡದಿದ್ದರೆ ಗೆರೆ ಎಳೆಯಬೇಕು. ಮೂರು ದಿನದ ನೀರು ಕೂಡಿದ್ದರೆ ‘ಮೂರು ದಿನದ್ದು’ ಅಂತಲೇ ಬರೆಯಬೇಕು, ಹಂಚಿ ಹಾಕಬಾರದು. ತಿದ್ದುವುದಾದರೆ ಹಳೆ ಅಂಕಿ ಕಾಣುವಂತೆ ಒಂದೇ ಗೀಟು. ಪಾಠಾಂತರ ಅಳಿಸಿದರೆ ನಾವು ಒಪ್ಪುತ್ತೇವೆಯೇ?

ಇಲ್ಲಿ ಒಂದು ಹೊಲಕ್ಕೆ ಬಿದ್ದ ಮಳೆ ಪಕ್ಕದ ಹೊಲಕ್ಕೆ ಬೀಳೋದಿಲ್ಲ. 2016ರ ಏಪ್ರಿಲ್‌ನಲ್ಲಿ ಲಾತೂರಿಗೆ ಮೀರಜಿನಿಂದ ರೈಲಿನಲ್ಲಿ ನೀರು ತರಬೇಕಾಯಿತು. ಅಂಥ ಬರದ ಹಿಂದಿನ ವರ್ಷಗಳ ವಹಿ ತೆಗೆದಾಗ ಖಾನೆ ಖಾಲಿ ಇದ್ದರೆ, ಬಾರದೇ ಇದ್ದದ್ದು ಮಳೆಯೋ, ನೋಡುವವನೋ ಎಂದು ಯಾರನ್ನು ಕೇಳೋದು?