ಕೋಬಾಲ್ಟಿಗೂ ಒಂದು ಚೀಟಿ

ನಮ್ಮ ರಾಮನಗರದ ಬಂಡೆಗಳಲ್ಲಿ ಯುರೇನಿಯಂ, ಥೋರಿಯಂ ಇವೆ ಎಂದರೆ ಊರಿನವರು ಗಾಬರಿಯಾಗುತ್ತಾರೆ. ಇರುವುದು ನಿಜ. ಊರಿನ ಹಳೆಯ ಹೆಸರನ್ನೇ ಹೊತ್ತಿರುವ ಕ್ಲೋಸ್‌ಪೇಟೆ ಗ್ರಾನೈಟ್ ಸುಮಾರು 250 ಕೋಟಿ ವರ್ಷ ಹಳೆಯದು. ಇಂಥ ಕಲ್ಲಿನ ಒಂದು ಟನ್ನಿಗೆ ಯುರೇನಿಯಂ ಸಾಮಾನ್ಯವಾಗಿ ಕೆಲವೇ ಗ್ರಾಂ. ಅದನ್ನು ಯಾರೂ ಕದಿಯಲಾರರು, ಮರೆತು ಗುಜರಿಗೆ ಹಾಕಲಾರರು. ನನ್ನ ನಿದ್ದೆ ಕೆಡಿಸುತ್ತಿದ್ದದ್ದು ಬೇರೆ: ಬೆಂಗಳೂರಿನ ಕ್ಯಾನ್ಸರ್ ಆಸ್ಪತ್ರೆಯೊಂದರಲ್ಲಿ ವಿಕಿರಣ ಸುರಕ್ಷತಾ ಅಧಿಕಾರಿಯಾಗಿದ್ದಾಗ ನನ್ನ ಸುಪರ್ದಿನಲ್ಲಿದ್ದ, ಅಂಗೈಯಲ್ಲಿ ಮುಚ್ಚಿಡಬಹುದಾದಷ್ಟು ಚಿಕ್ಕ ಕೋಬಾಲ್ಟ್-60 ವಿಕಿರಣ ಮೂಲ.

ಅಪ್ಪ ರೇಷ್ಮೆಗೂಡಿನಿಂದ ನೂಲು ತೆಗೆಯುವ ರೀಲರ್. ಮಾರುಕಟ್ಟೆಗೆ ಬಂದ ಗೂಡಿನ ಪ್ರತಿ ಲಾಟಿಗೂ ನಂಬರು, ತೂಕ, ಚೀಟಿ ಇರುವಂತೆ ಪರಮಾಣು ವಸ್ತುವಿಗೂ ಇರಬೇಕು. ಎಷ್ಟು ಬಂತು, ಎಷ್ಟು ಹೋಯಿತು, ಪೈಪಿನೊಳಗೆ ಎಷ್ಟು ಉಳಿಯಿತು ಎಂದು ಗ್ರಾಂ ಗ್ರಾಂ ಲೆಕ್ಕವಿಡುವವರು 1958ರಲ್ಲಿ ಅಮೆರಿಕದಲ್ಲಿ ತಮ್ಮದೇ ವೃತ್ತಿಸಂಘ ಕಟ್ಟಿಕೊಂಡರು. ಅದೇ ಪರಮಾಣು ವಸ್ತು ನಿರ್ವಹಣಾ ಸಂಸ್ಥೆ. ನಮ್ಮಲ್ಲಿ ಪರಮಾಣು ಶಕ್ತಿ ಕಾಯಿದೆ ಬಂದದ್ದು 1962ರಲ್ಲಿ, ಮುಂಬೈಯಲ್ಲಿ ಭಾರತೀಯ ವಿಕಿರಣ ರಕ್ಷಣಾ ಸಂಘ ಹುಟ್ಟಿದ್ದು 1968ರಲ್ಲಿ. ಅಮೆರಿಕದವರ ಕಣ್ಣು ವಸ್ತುವಿನ ಮೇಲೆ, ಮುಂಬೈಯವರದು ಅದರ ಹತ್ತಿರ ದುಡಿಯುವವನ ಮೈಮೇಲೆ. ನನಗೆ ಇವೆರಡೂ ಒಂದೇ ಕಸುಬು. ಪರವಾನಗಿ ಕೊಡುವ, ತಪಾಸಣೆ ಮಾಡುವ ಪರಮಾಣು ಶಕ್ತಿ ನಿಯಂತ್ರಣ ಮಂಡಳಿ ಬಂದದ್ದು 1983ರಲ್ಲಿ. ಮುಂಬೈಯ ಸಂಘ ಅದಕ್ಕಿಂತ 15 ವರ್ಷ ಹಿರಿಯದು ಎಂಬುದನ್ನು ನಾನು ಹೆಮ್ಮೆಯಿಂದ ಹೇಳುತ್ತೇನೆ.

ನಮ್ಮ ಎದೆಯ ಮೇಲಿರುತ್ತಿದ್ದ ಟಿಎಲ್‌ಡಿ ಬ್ಯಾಡ್ಜು ಈ ಕಸುಬಿನ ಕಣ್ಣು. ಒಳಗೆ ಅಲ್ಯೂಮಿನಿಯಂ ಪಟ್ಟಿಗೆ ಸಿಕ್ಕಿಸಿದ ಮೂರು ಪುಟ್ಟ ಬಿಲ್ಲೆಗಳು: ಒಂದರ ಮೇಲೆ ಲೋಹದ ಹೊದಿಕೆ, ಒಂದರ ಮೇಲೆ ಪ್ಲಾಸ್ಟಿಕ್ಕು, ಇನ್ನೊಂದು ತೆರೆದದ್ದು. ಬಿಲ್ಲೆ ಹೀರಿಕೊಂಡ ವಿಕಿರಣವು ಕಾಯಿಸಿದಾಗ ಬೆಳಕಾಗಿ ಹೊರಬರುತ್ತದೆ; ಆ ಬೆಳಕನ್ನು ಅಳೆದು ಡೋಸ್ ಹೇಳುತ್ತಾರೆ. ಮೂರು ತಿಂಗಳಿಗೊಮ್ಮೆ ಬ್ಯಾಡ್ಜುಗಳನ್ನು ಕಟ್ಟಿ ಕಳಿಸುತ್ತಿದ್ದೆವು. ಒಮ್ಮೆ ಒಬ್ಬ ತಂತ್ರಜ್ಞರ ಡೋಸ್ ವಿಪರೀತ ಬಂತು. ವಿಚಾರಿಸಿದರೆ, ಬ್ಯಾಡ್ಜಿದ್ದ ಕೋಟನ್ನು ಚಿಕಿತ್ಸಾ ಕೋಣೆಯಲ್ಲೇ ನೇತುಹಾಕಿ ಮನೆಗೆ ಹೋಗಿದ್ದರು. ಅದನ್ನೂ ಬರೆದು, ಸಹಿ ಹಾಕಿಸಿ ಕಳಿಸಿದೆವು.

ಕೋಬಾಲ್ಟ್-60ರ ಶಕ್ತಿ 5.27 ವರ್ಷಕ್ಕೆ ಅರ್ಧಕ್ಕಿಳಿಯುತ್ತದೆ. ಚಿಕಿತ್ಸೆಯ ಸಮಯ ಉದ್ದವಾಗುತ್ತ ಹೋಗಿ ಕೊನೆಗೆ ಮೂಲವನ್ನೇ ಬದಲಿಸಬೇಕಾಗುತ್ತದೆ. ಆದರೆ ರೋಗಿಗೆ ಸಾಲದ ಕೋಬಾಲ್ಟು ಮನುಷ್ಯನನ್ನು ಕೊಲ್ಲಲು ಸಾಕು. 2010ರಲ್ಲಿ ದೆಹಲಿಯ ಮಾಯಾಪುರಿಯಲ್ಲಿ ಆದದ್ದು ಅದೇ. ದೆಹಲಿ ವಿಶ್ವವಿದ್ಯಾಲಯದಲ್ಲಿ ಎಷ್ಟೋ ವರ್ಷ ಸುಮ್ಮನೆ ಬಿದ್ದಿದ್ದ ಕೋಬಾಲ್ಟ್ ಯಂತ್ರವನ್ನು ಹರಾಜು ಹಾಕಿದರು, ಗುಜರಿಯವರು ಒಡೆದರು. ಒಬ್ಬ ವ್ಯಾಪಾರಿಯ ಪರ್ಸಿಗೂ ತುಣುಕೊಂದು ಸೇರಿತು. ಒಬ್ಬರು ಸತ್ತರು, ಹಲವರು ಆಸ್ಪತ್ರೆ ಸೇರಿದರು. ಯಂತ್ರ ಕೆಟ್ಟಿರಲಿಲ್ಲ, ಕವಚ ಸೋರಿರಲಿಲ್ಲ; ಒಳಗೇನಿದೆ ಎಂಬ ತಿಳಿವಳಿಕೆ ಹರಾಜಿನ ಹೊತ್ತಿಗೆ ಉಳಿದಿರಲಿಲ್ಲ, ಅಷ್ಟೇ. ಆ ಸುದ್ದಿ ಓದಿದ ದಿನ ನನಗೆ ಬಂದ ಸಿಟ್ಟು ಇನ್ನೂ ಆರಿಲ್ಲ.

ಈಗ ಆಸ್ಪತ್ರೆಗಳಲ್ಲಿ ಕೋಬಾಲ್ಟಿನ ಜಾಗಕ್ಕೆ ಲಿನಿಯರ್ ಆಕ್ಸಿಲರೇಟರ್‌ಗಳು ಬಂದಿವೆ. ಸ್ವಿಚ್ ಆರಿಸಿದರೆ ವಿಕಿರಣ ನಿಂತಿತು. ಹಾಗಾಗಿ ಹಳೆಯ ಮೂಲಗಳನ್ನು ಬಲ್ಲವರು ಕಡಿಮೆಯಾಗುತ್ತಿದ್ದಾರೆ. ಕಾಲೇಜುಗಳ ಭೌತವಿಜ್ಞಾನ ಪ್ರಯೋಗಾಲಯಗಳಲ್ಲಿ ಗೈಗರ್ ಕೌಂಟರ್ ಪ್ರಯೋಗಕ್ಕೆಂದು ಸೀಸಿಯಂ, ಕೋಬಾಲ್ಟಿನ ಚಿಕ್ಕ ಬಿಲ್ಲೆಗಳನ್ನು ಇಟ್ಟಿರುತ್ತಾರೆ. ಅವು ತೀರ ದುರ್ಬಲ, ಹೆದರಬೇಕಾಗಿಲ್ಲ. ಆದರೂ ಕನಕಪುರಕ್ಕೋ ಮಾಗಡಿಗೋ ಚನ್ನಪಟ್ಟಣಕ್ಕೋ ಉಪನ್ಯಾಸಕ್ಕೆ ಕರೆದರೆ, ಮೊದಲು ಬೀರು ತೆಗೆಸಿ ಬಿಲ್ಲೆಗಳನ್ನು ಎಣಿಸುತ್ತೇನೆ, ಆಮೇಲೆ ರಿಜಿಸ್ಟರ್ ಕೇಳುತ್ತೇನೆ. ನಿವೃತ್ತರಾಗುವ ಮೇಷ್ಟ್ರು ಬೀಗದ ಕೈಯ ಜೊತೆಗೆ ಆ ರಿಜಿಸ್ಟರನ್ನೂ ಮುಂದಿನವರಿಗೆ ಕೊಟ್ಟು ಸಹಿ ಹಾಕಿಸಿಕೊಳ್ಳಬೇಕು ಎಂದು ಪ್ರಾಂಶುಪಾಲರಿಗೆ ಬರೆದುಕೊಟ್ಟು ಬರುತ್ತೇನೆ.